ತುಮರಿ, ಜಗಳಗಂಟಿ, ಜಪಾನಿ ಫಲ: ನಮ್ಮ ಕಡೆಯ ಹೊಲಕ್ಕೆ ಯಾವುದು ಹಚ್ಚಬೇಕು?

ನವೆಂಬರ್ ಬಂತೆಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹಣ್ಣಿನ ಬಂಡಿಗಳ ಮೇಲೆ ಟೊಮೆಟೊ ಥರದ ಒಂದು ಕೇಸರಿ ಹಣ್ಣು ಕಾಣಿಸುತ್ತದೆ. ಕೇಳಿದರೆ ಒಬ್ಬರು ಜಪಾನಿ ಫಲ ಅಂತಾರೆ, ಇನ್ನೊಬ್ಬರು ಪರ್ಸಿಮನ್ ಅಂತಾರೆ. ತೊಟ್ಟಿನ ಹತ್ತಿರ ನಾಲ್ಕು ಎಸಳಿನ ಒಂದು ಟೋಪಿ ಇರುತ್ತದೆ. ಆ ಟೋಪಿ ನೋಡಿದಾಗಲೆಲ್ಲ ನನಗೆ ಚಿಂಚೋಳಿ ಕಡೆಯ ನಮ್ಮ ತುಮರಿ ಹಣ್ಣು ನೆನಪಾಗುತ್ತದೆ. ಅದೇ ಟೋಪಿ, ಅದೇ ಮನೆತನ.

ಊರಲ್ಲಿ ಬೀಜ ಕೂಡಿಟ್ಟು, ಸಸಿ ಮಾಡಿ ಹಂಚುವ ಅಭ್ಯಾಸ ನನಗಿದೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಲ ಈ ಪ್ರಶ್ನೆ ಬರುತ್ತದೆ: "ಪರ್ಸಿಮನ್ ಜಾತಿಯ ಗಿಡ ಹಚ್ಚಬೇಕಂತ ಮಾಡೀನ್ರಿ, ಯಾವುದು ಹಚ್ಚಲಿ?" ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ ಇದು. ಈ ಮನೆತನದ ಗಿಡಗಳು ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಹುಟ್ಟಿದ ನೆಲ ಬೇರೆ ಬೇರೆ. ಒಂದಕ್ಕೆ ಕಲ್ಲು ನೆಲ ಬೇಕು, ಒಂದಕ್ಕೆ ಹಳ್ಳದ ದಂಡೆ ಬೇಕು, ಮತ್ತೊಂದಕ್ಕೆ ಮೈ ನಡುಗಿಸುವ ಚಳಿಯೇ ಬೇಕು. ಅದಕ್ಕೇ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನೀವು ಹಚ್ಚಬೇಕೆಂದಿರುವ ಗಿಡ ತಾನಾಗಿ ಬೆಳೆಯುವ ಕಾಡು ಯಾವುದು? ನಿಮ್ಮ ಹೊಲದಲ್ಲಿ ಮೂರಡಿ ಅಗೆದರೆ ಏನು ಸಿಗುತ್ತದೆ? ಇವೆರಡಕ್ಕೂ ತಾಳೆಯಾದರೆ ಮಾತ್ರ ಮುಂದಿನ ಮಾತು.

ಮೊದಲು ಮನೆತನದ ಗುರುತು

ಈ ಗಿಡಗಳೆಲ್ಲ ಡಯೋಸ್ಪೈರಾಸ್ ಎಂಬ ಕುಲಕ್ಕೆ ಸೇರಿದವು. ಜಗತ್ತಿನಲ್ಲಿ ಇದರ 700ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಬಿಸಿಲು ನಾಡಿನವು. ಕಪ್ಪು ಕಟ್ಟಿಗೆಗೆ ಹೆಸರಾದ ಕರಿಮರವೂ ಇದೇ ಕುಲ. ಆರಿಸುವಾಗ ನೆನಪಿಡಬೇಕಾದ ಸಂಗತಿ ಎರಡು.

ಒಂದು ಒಗರು. ಕಾಯಲ್ಲಿ ಟ್ಯಾನಿನ್ ತುಂಬಿರುತ್ತದೆ. ಹಣ್ಣಾಗುತ್ತಾ ಬಂದಂತೆ ಅದು ನೀರಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಆಮೇಲೆ ನಾಲಿಗೆಗೆ ಒಗರು ತಾಗುವುದಿಲ್ಲ, ಸಿಹಿ ಮಾತ್ರ ಸಿಗುತ್ತದೆ. ಆದ್ದರಿಂದ ಅರ್ಧ ಮಾಗಿದ ಹಣ್ಣು ತಿಂದು "ಈ ಜಾತಿಯೇ ಸರಿಯಿಲ್ಲ" ಎಂದು ತೀರ್ಮಾನಿಸಬೇಡಿ.

ಎರಡನೆಯದು ಗಂಡು ಹೆಣ್ಣಿನ ವಿಚಾರ. ಇವುಗಳಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಸಸಿ ನೋಡಿ ಹೇಳಲು ಬರುವುದಿಲ್ಲ, ಹೂವು ಬರುವವರೆಗೆ ಕಾಯಬೇಕು. ಒಂದೇ ಗಿಡ ಹಚ್ಚಿ ಹತ್ತಾರು ವರ್ಷ ಕಾದು, ಕೊನೆಗೆ ಅದು ಗಂಡು ಅಂತ ಗೊತ್ತಾದರೆ ಹೇಗಾಗಬೇಡ?

ತುಮರಿ: ಕಲ್ಲು ನೆಲದ ಗಿಡ

ಕನ್ನಡದಲ್ಲಿ ತುಮರಿ, ತೂಪ್ರ. ಕುಂಚಾವರಂ ದಾಟಿ ತೆಲಂಗಾಣದ ಕಡೆ ಹೋದರೆ ತುನಿಕಿ. ಮರಾಠಿಯವರಿಗೆ ತೆಂಭುರ್ಣಿ, ಹಿಂದಿಯವರಿಗೆ ತೇಂದು. ಒಂದು ಗಿಡಕ್ಕೆ ಗಡಿಯ ಮೂರೂ ಕಡೆ ಹೆಸರಿದೆ ಅಂದರೆ ಅದು ಈ ನೆಲದ್ದೇ ಅಂತ ಅರ್ಥ, ಅಲ್ವಾ? ಮಧ್ಯ ಭಾರತ, ದಖ್ಖನ್ ಮತ್ತು ಶ್ರೀಲಂಕಾದ ಒಣ ಕಾಡುಗಳೇ ಇದರ ತವರು. ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು, ಕಲ್ಲು, ಮುರ್ರಂ, ಕೆಂಪು ಮಣ್ಣು. ಚಿಂಚೋಳಿ ವನ್ಯಧಾಮದ ಕಾಡು ಇದೇ ಬಗೆಯದು. 134.88 ಚದರ ಕಿಲೋಮೀಟರಿನ ಈ ಕಾಡು ವನ್ಯಧಾಮ ಆದದ್ದು 2011ರಲ್ಲಿ.

ಗುರುತು ಹಿಡಿಯಲು ಕಾಂಡದ ಮೇಲೆ ಕೈ ಇಡಿ. ತೊಗಟೆ ಕಪ್ಪಗೆ, ಚೌಕ ಚೌಕವಾಗಿ ಒಡೆದಿರುತ್ತದೆ, ಮೊಸಳೆಯ ಬೆನ್ನಿನ ಹಾಗೆ. ಬೆರಳು ಆ ಸೀಳುಗಳಲ್ಲಿ ಇಳಿಯುತ್ತದೆ. ಎಳೆ ಎಲೆ ಮುಟ್ಟಿದರೆ ಮೆತ್ತಗೆ, ನುಣ್ಣನೆ ರೋಮ. ಬಲಿತ ಎಲೆ ತೊಗಲಿನ ಹಾಗೆ ದಪ್ಪ. ಸುತ್ತಿದರೂ ಸೀಳುವುದಿಲ್ಲ. ಬೀಡಿ ಕಟ್ಟಲು ಇದೇ ಎಲೆ ಬೇಕಾಗುವುದು ಅದಕ್ಕೇ. ಫೆಬ್ರವರಿ, ಮಾರ್ಚ್‌ನಲ್ಲಿ ಪೊದೆಗಳನ್ನು ಸವರುತ್ತಾರೆ. ಏಪ್ರಿಲ್ ಕೊನೆಗೆ ಹೊಸ ಚಿಗುರು ಬಲಿಯುತ್ತದೆ. ಮೇ ತಿಂಗಳಲ್ಲಿ ಎಲೆ ಕಿತ್ತು ಐವತ್ತೈವತ್ತರ ಕಟ್ಟು ಮಾಡಿ ಒಣಗಿಸುತ್ತಾರೆ.

ಹಣ್ಣೂ ಅದೇ ಬಿಸಿಲಲ್ಲೇ ಬರುತ್ತದೆ. ನಮ್ಮ ಮುತ್ಯಾ ಬಲಿತ ಕಾಯಿ ತಂದು ಜೋಳದ ಚೀಲದಲ್ಲಿ ಹುಗಿದಿಡುತ್ತಿದ್ದ. ನಾನು ಚೀಲದ ಸುತ್ತ ಸುಳಿದಾಡುವುದನ್ನು ನೋಡಿ ಹೇಳುತ್ತಿದ್ದ: "ತಮ್ಮಾ, ಹಸುರು ಇದ್ದದ್ದು ಬಾಯಾಗ ಇಟ್ಟಿ ಅಂದ್ರ ನಾಲಿಗಿ ಮಡಚಂಗಿಲ್ಲ ನೋಡು." ನಾಲ್ಕೈದು ದಿನಕ್ಕೆ ನಿಂಬೆಹಣ್ಣಿನಷ್ಟು ದಪ್ಪದ ಹಳದಿ ಹಣ್ಣು ಕೈಗೆ ಬರುತ್ತಿತ್ತು. ಟೋಪಿ ತಿರುವಿ ಕಿತ್ತು, ಎರಡು ಹೆಬ್ಬೆರಳಿಂದ ಒತ್ತಿದರೆ ಗಟ್ಟಿ ಸಿಪ್ಪೆ ಪಟ್ ಅಂತ ಬಿಡುತ್ತದೆ. ಒಳಗೆ ಮಸುಕು ಹಳದಿ ತಿರುಳು. ರುಚಿ ಚಿಕ್ಕುವಿಗೆ ಹತ್ತಿರ, ಕೊನೆಗೆ ಚೂರು ಒಗರು ಉಳಿಯುತ್ತದೆ. ತಿರುಳು ಕಡಿಮೆ, ಬೀಜ ಜಾಸ್ತಿ. ಚಪ್ಪಟೆ, ಕಂದು, ಹೊಳೆಯುವ ಬೀಜಗಳು. ಚೀಪಿ ಚೀಪಿ ಉಗುಳಬೇಕು. ಕರಡಿಗೂ ಈ ಹಣ್ಣೆಂದರೆ ಪ್ರಾಣ. ಅದು ತಿಂದು ಹೋದ ದಾರಿಯಲ್ಲೆಲ್ಲ ಬೀಜ ಬೀಳುತ್ತದೆ.

ಈ ಗಿಡದ ಬಲ ಇರುವುದು ನೆಲದ ಕೆಳಗೆ. ತಾಯಿಬೇರು ಆಳಕ್ಕೆ ಇಳಿಯುತ್ತದೆ. ಬೆಂಕಿ ಬಿದ್ದರೂ, ಕಡಿದರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಹೊಲದ ಬದುವಿಗೆ ಯಾರೋ ಬೀಡಿ ತುಂಡು ಎಸೆದು ಹುಲ್ಲೆಲ್ಲ ಸುಟ್ಟು ಹೋಗುವ ನಮ್ಮ ಕಡೆಗೆ ಇದು ಸಣ್ಣ ಗುಣ ಅಲ್ಲ. ನಮ್ಮ ಆಡುಗಳು ಜಾಲಿ ಕಂಡರೆ ಬಿಡುವುದಿಲ್ಲ, ತುಮರಿಗೆ ಬಾಯಿ ಹಾಕಿದ್ದು ನಾನು ನೋಡಿದ್ದು ಕಡಿಮೆ.

ಕೊರತೆಯನ್ನೂ ಹೇಳಿಬಿಡುತ್ತೇನೆ. ಬೆಳವಣಿಗೆ ನಿಧಾನ, ತುಂಬಾ ನಿಧಾನ. ಮೂರು ವರ್ಷಕ್ಕೆ ಹಣ್ಣು ಬೇಕು ಎನ್ನುವವರು ಇದನ್ನು ಹಚ್ಚಬಾರದು. ಇನ್ನೊಂದು, ಬೇರುಗಳಿಂದ ಮರಿಗಿಡಗಳು ಏಳುತ್ತವೆ. ನೇಗಿಲಿಗೆ ಬೇರು ಸಿಕ್ಕಿ ತುಂಡಾದರೆ ಇನ್ನೂ ಜಾಸ್ತಿ ಏಳುತ್ತವೆ. ತೊಗರಿ ಸಾಲಿನ ಮಧ್ಯೆ ಇವನ್ನು ಕಡಿಯುವುದೇ ಒಂದು ಕೆಲಸ ಆಗುತ್ತದೆ. ಆದ್ದರಿಂದ ಎರಡು ಹೊಲದ ನಡುವಿನ ಬದುವಿಗೆ ಬೇಡ. ನೇಗಿಲು ಹೋಗದ ಕಲ್ಲು ಮೂಲೆ, ಗುಡ್ಡದ ಬುಡ, ಗಾಯರಾಣದ ಅಂಚು, ಶಾಲೆಯ ಹಿಂದಿನ ಬಯಲು ಒಳ್ಳೆಯ ಜಾಗ.

ಜಗಳಗಂಟಿ: ಹೆಸರು ಕೆಟ್ಟದ್ದು, ಗಿಡ ಗಟ್ಟಿ

ಇದು ತುಮರಿಯ ದಾಯಾದಿ. ಒಣ ಕಾಡು, ಕುರುಚಲು, ಗುಡ್ಡದ ಅಂಚು, ಇಂಥ ಕಡೆಯೇ ಇರುತ್ತದೆ. ಭಾರತದಿಂದ ಆಚೆಗೂ ಆಗ್ನೇಯ ಏಷ್ಯಾ ದಾಟಿ ಉತ್ತರ ಆಸ್ಟ್ರೇಲಿಯಾವರೆಗೆ ಹಬ್ಬಿದ ಜಾತಿ. ಇದರ ಕಟ್ಟಿಗೆಯನ್ನು ಒಲೆಗೆ ಹಾಕಿದರೆ ಮನೆಯಲ್ಲಿ ಜಗಳ ಹತ್ತುತ್ತದೆ ಅಂತ ನಂಬಿಕೆ. ಹೆಸರು ಬಂದದ್ದೂ ಅದಕ್ಕೇ. ಈ ನಂಬಿಕೆಯಿಂದ ಗಿಡಕ್ಕೆ ಆದದ್ದು ಒಳ್ಳೆಯದೇ. ಸೌದೆಗೆ ಬೇರೆಲ್ಲ ಕಡಿದವರೂ ಇದನ್ನು ಉಳಿಸಿದ್ದಾರೆ.

ತುಮರಿಗೂ ಇದಕ್ಕೂ ಗುರುತು ತಪ್ಪುವುದು ಸುಲಭ, ಅದರಲ್ಲೂ ಮಕ್ಕಳಿಗೆ. ಜಗಳಗಂಟಿಯ ಕಾಂಡ ಬೂದು ಬಣ್ಣ, ಹಳೆಯ ಗಿಡದ ಮೇಲೆ ಮುಳ್ಳುಗಳಿರುತ್ತವೆ. ಎಲೆ ಚಿಕ್ಕದು, ತೆಳ್ಳಗೆ. ಕಾಯಿ ಗೋಲಿಗಿಂತ ದೊಡ್ಡದು, ಗುಂಡಗೆ. ಹಣ್ಣಾದಾಗ ಹಳದಿ ಆಗುತ್ತದೆ, ತಿನ್ನಬೇಕು ಅನಿಸುತ್ತದೆ. ತಿನ್ನಬಾರದು. ಕಹಿ ಇರುತ್ತದೆ. ಕಾಯಿ ಜಜ್ಜಿ ನೀರಿಗೆ ಹಾಕಿ ಮೀನು ಮತ್ತೇರಿಸಿ ಹಿಡಿಯುವ ಪದ್ಧತಿ ನಮ್ಮ ದೇಶದಲ್ಲಿ ಹಲವು ಕಡೆ ಇತ್ತು. ಮೀನಿಗೆ ವಿಷವಾದದ್ದನ್ನು ಮಗುವಿನ ಕೈಗೆ ಸಿಗುವ ಹಾಗೆ ಹಚ್ಚುವುದು ಬೇಡ.

ಹಾಗಾದರೆ ಯಾಕೆ ಹಚ್ಚಬೇಕು? ಹಣ್ಣಿನ ಆಸೆ ಇಲ್ಲದೆ, ಬರಡು ಗುಡ್ಡಕ್ಕೆ ಊರಿನ ಗಿಡಗಳೇ ಮರಳಿ ಬರಲಿ ಎನ್ನುವವರಿಗೆ ಇದು ಒಳ್ಳೆಯದು. ತುಮರಿ, ಕಮರ, ಮುತ್ತುಗ, ದಿಂಡಿಲು ಹಚ್ಚುವ ಕಡೆ ನಡುನಡುವೆ ಇದೂ ಇರಲಿ. ಅಂಗಳಕ್ಕೆ, ಶಾಲೆಗೆ, ಕೆರೆ ದಂಡೆಗೆ ಖಂಡಿತ ಬೇಡ.

ಗಾಬ್: ನೀರು ಇದ್ದವರಿಗೆ ಮಾತ್ರ

ಇದನ್ನೇ ಇಂಡಿಯನ್ ಪರ್ಸಿಮನ್ ಅಂತ ಅಂತರ್ಜಾಲದಲ್ಲಿ ಮಾರುತ್ತಾರೆ. ಹೆಸರು ನೋಡಿ ನಮ್ಮದೇ ಅಂದುಕೊಂಡು ತರಿಸಿದವರು ಇದ್ದಾರೆ. ಭಾರತದ್ದು ಹೌದು, ನಮ್ಮ ಬಯಲು ಸೀಮೆಯದಲ್ಲ. ಪಶ್ಚಿಮಘಟ್ಟದ ಹೊಳೆ ಹಳ್ಳಗಳ ದಂಡೆ, ಬಂಗಾಳದ ತಗ್ಗು ನೆಲ, ಇವು ಇದರ ಜಾಗ. ವರ್ಷವಿಡೀ ಹಸಿರಾಗಿರುತ್ತದೆ. ದಟ್ಟ ನೆರಳು ಕೊಡುತ್ತದೆ. ಕಾಯಿಯ ಅಂಟು ರಸದಿಂದ ಬಂಗಾಳದ ಮೀನುಗಾರರು ಬಲೆಗೆ ಬಣ್ಣ ಕೊಟ್ಟು ಗಟ್ಟಿ ಮಾಡುತ್ತಿದ್ದರು, ದೋಣಿಯ ಸಂದು ಮುಚ್ಚುತ್ತಿದ್ದರು.

ವರ್ಷವಿಡೀ ಹಸಿರಾಗಿರುವ ಗಿಡಕ್ಕೆ ವರ್ಷವಿಡೀ ನೀರು ಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಕೊಳವೆಬಾವಿಗಳೇ ಬತ್ತುತ್ತವೆ. ಭೀಮಾ ದಂಡೆಯಲ್ಲಿ ಬತ್ತದ ಬಾವಿ ಇರುವ ತೋಟ, ಇಲ್ಲವೇ ಮನೆಯ ಬಚ್ಚಲು ನೀರು ಹರಿಯುವ ಜಾಗ ಇದ್ದರೆ ಒಂದು ಜೋಡಿ ಹಚ್ಚಿ ನೋಡಬಹುದು. ಶಹಾಪುರ, ಸುರಪುರದ ಕಾಲುವೆ ಪಕ್ಕ ಹಚ್ಚುತ್ತೇನೆ ಅಂತ ಒಬ್ಬರು ಕೇಳಿದ್ದರು. ಕಾಲುವೆಗೆ ನೀರು ನಿಂತ ಮೇಲೆ ಬೇಸಿಗೆಯಲ್ಲಿ ಗಿಡಕ್ಕೆ ಯಾರು ನೀರು ಹಾಕುತ್ತಾರೆ ಅಂತ ಕೇಳಿದೆ. ಅವರು ಬೇವಿಗೆ ಒಪ್ಪಿದರು.

ಜಪಾನಿ ಫಲ: ಪೇಟೆಯಲ್ಲಿ ಕಂಡ ಆಸೆ

ಜಾಸ್ತಿ ಜನ ಕೇಳುವುದು ಇದನ್ನೇ. ಚೀನಾ ಇದರ ಮೂಲ, ಜಪಾನ್ ಇದನ್ನು ಸಾಕಿ ಬೆಳೆಸಿತು. ನಮ್ಮ ಬಂಡಿಗೆ ಬರುವ ಹಣ್ಣು ಹಿಮಾಚಲದ ಕುಲ್ಲು, ಕಾಶ್ಮೀರದಂಥ ತಂಪು ಕಡೆಯದು. ದಕ್ಷಿಣದಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆಳೆಯುತ್ತದೆ. ಇದರ ದೊಡ್ಡ ಅನುಕೂಲ ಏನೆಂದರೆ ಹಲವು ತಳಿಗಳು ಗಂಡು ಗಿಡ ಇಲ್ಲದೆಯೂ ಬೀಜವಿಲ್ಲದ ಹಣ್ಣು ಬಿಡುತ್ತವೆ. ಫುಯು ತಳಿಯನ್ನು ಗಟ್ಟಿ ಇರುವಾಗಲೇ ಸೇಬಿನ ಹಾಗೆ ಹೆಚ್ಚಿ ತಿನ್ನಬಹುದು. ಹಚಿಯಾ ತಳಿ ಮೆತ್ತಗಾಗಿ ಜೋತುಬೀಳುವವರೆಗೆ ಕಾಯಬೇಕು. ಗಟ್ಟಿ ಇದ್ದಾಗಲೇ ಖಾಲಿ ಹೊಟ್ಟೆಯಲ್ಲಿ ಒಗರು ಹಣ್ಣು ಜಾಸ್ತಿ ತಿಂದರೆ ಅದರ ಟ್ಯಾನಿನ್ ಹೊಟ್ಟೆಯಲ್ಲಿ ಗಂಟು ಕಟ್ಟುವುದೂ ಉಂಟು. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಹೇಳಿಡಿ.

ತೊಂದರೆ ಇರುವುದು ಚಳಿಯಲ್ಲಿ. ಈ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಬೇಕು. ಏಳು ಡಿಗ್ರಿಗಿಂತ ತಂಪಾದ ಗಂಟೆಗಳು ಅದಕ್ಕೆ ಲೆಕ್ಕಕ್ಕೆ ಸಿಗಬೇಕು. ಸೇಬಿಗೆ ಬೇಕಾದಷ್ಟು ಬೇಡ, ಆದರೂ ನೂರಾರು ಗಂಟೆ ಬೇಕು. "ಬೀದರ್‌ನಾಗ ಥಂಡಿ ಭಾಳ ಐತಲ್ರಿ" ಅಂತ ಬೀದರಿನ ಸ್ನೇಹಿತರು ವಾದ ಮಾಡುತ್ತಾರೆ. ಡಿಸೆಂಬರ್‌ನಲ್ಲಿ ಅಲ್ಲಿ ಕೋಟೆಯ ಮೇಲೆ ನಿಂತರೆ ಹಲ್ಲು ಕಟಕಟ ಅನ್ನುವುದು ನಿಜ. ಆದರೆ ರಾತ್ರಿ ಹತ್ತು ಡಿಗ್ರಿ ಆಸುಪಾಸಿಗೆ ಇಳಿದು, ಬೆಳಗ್ಗೆ ಹತ್ತಕ್ಕೆ ಶಾಲು ತೆಗೆಯುವ ಚಳಿ ಅದು. ಗಿಡಕ್ಕೆ ಸಾಲುವುದಿಲ್ಲ.

ನಾನೂ ಆಸೆಪಟ್ಟೆ. ಒಂದು ನರ್ಸರಿಯವರು "ಎಲ್ಲಾ ಹವಾಮಾನಕ್ಕೂ ಹೊಂದುತ್ತದೆ" ಎಂದು ಕೊಟ್ಟ ಕಸಿ ಗಿಡವನ್ನು ಎರೆ ಹೊಲದ ಅಂಚಿಗೆ ಹಚ್ಚಿದೆ. ಮೊದಲ ಮಳೆಗಾಲ ಚೆನ್ನಾಗೇ ಇತ್ತು, ಹೊಳೆಯುವ ದೊಡ್ಡ ಎಲೆ ಬಂತು. ಎರಡನೇ ಬೇಸಿಗೆಗೆ ಎರೆ ನೆಲ ಕೈ ಇಳಿಯುವಷ್ಟು ಬಾಯಿ ಬಿಟ್ಟಿತು. ಎಲೆಯ ಅಂಚು ಸುಡುತ್ತಾ ಬಂತು. ದಿನ ಬಿಟ್ಟು ದಿನ ಕೊಡ ಹೊತ್ತು ನೀರು ಹಾಕಿದೆ. ಜೂನ್ ಬರುವ ಹೊತ್ತಿಗೆ ಕಡ್ಡಿ ಒಣಗಿತ್ತು. ಅಗೆದು ನೋಡಿದರೆ ಬಿರುಕಿನ ಉದ್ದಕ್ಕೂ ಬೇರುಗಳು ಹರಿದು ನಿಂತಿದ್ದವು. ಈ ಹಣ್ಣು ಬೇಕಾದರೆ ಬಂಡಿಯಲ್ಲಿ ಕೊಳ್ಳಿ. ಅದರಲ್ಲಿ ನಾಚಿಕೆ ಏನಿಲ್ಲ.

ದೂರದ ಕಾಡಿನ ಪರ್ಸಿಮನ್‌ಗಳು

ಅಮೆರಿಕದ ಕಾಡು ಪರ್ಸಿಮನ್ ಬೀಜವೂ ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಪರ್ಸಿಮನ್ ಎಂಬ ಹೆಸರೇ ವರ್ಜೀನಿಯಾದ ಪೌಹಟನ್ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಕನೆಕ್ಟಿಕಟ್‌ನಿಂದ ಫ್ಲೋರಿಡಾ, ಪಶ್ಚಿಮಕ್ಕೆ ಟೆಕ್ಸಾಸ್‌ವರೆಗೆ ಅದು ಕಾಡಾಗಿ ಬೆಳೆಯುತ್ತದೆ. ಬೇರಿನಿಂದ ಮರಿ ಎಬ್ಬಿಸುವುದರಲ್ಲಿ ನಮ್ಮ ತುಮರಿಯಂತೆಯೇ. ಗಟ್ಟಿ ಕಟ್ಟಿಗೆಯಿಂದ ಹಿಂದೆ ಗಾಲ್ಫ್ ಕೋಲಿನ ತಲೆ ಮಾಡುತ್ತಿದ್ದರು. ಆದರೆ ಬೀಜ ಮೊಳೆಯಲು ಎರಡು ಮೂರು ತಿಂಗಳ ಹಸಿ ಚಳಿ ಬೇಕು. ಫ್ರಿಜ್‌ನಲ್ಲಿ ಇಟ್ಟು ಮೊಳೆಸಬಹುದು, ಆಮೇಲೆ ಪ್ರತಿ ವರ್ಷ ಗಿಡವನ್ನೇ ಫ್ರಿಜ್‌ನಲ್ಲಿ ಇಡಲು ಆಗುವುದಿಲ್ಲವಲ್ಲ.

ಕಾಕಸಸ್‌ನಿಂದ ಚೀನಾವರೆಗೆ ಬೆಳೆಯುವ ಅಮ್ಲೋಕ್‌ನ ಕಥೆಯೂ ಅಷ್ಟೇ. ತಂಪು ಸೀಮೆಯಲ್ಲಿ ಜಪಾನಿ ಫಲದ ಕಸಿಗೆ ಬುಡವಾಗಿ ಅದಕ್ಕೆ ಬೆಲೆ. ಇವೆರಡನ್ನೂ ನಮ್ಮ ಪಟ್ಟಿಯಿಂದ ಬಿಡಬಹುದು.

ನಿಮ್ಮ ನೆಲಕ್ಕೆ ತಾಳೆ ಹಾಕಿ ನೋಡಿ

ಬೀದರ್, ಹುಮನಾಬಾದ್ ಕಡೆ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ. ನೀರನ್ನು ಮೇಲೆ ನಿಲ್ಲಿಸುವುದಿಲ್ಲ, ಕೆಳಗೆ ಇಳಿಸುತ್ತದೆ. ನೌಬಾದಿನ ಹಳೆಯ ಕರೇಜ್ ಸುರಂಗಗಳನ್ನು ಬಹಮನಿ ಕಾಲದವರು ಇದೇ ನೆಲದೊಳಗೆ ಕೊರೆದು ಆಳದ ನೀರನ್ನು ಊರಿಗೆ ತಂದರು. ಆಳಕ್ಕೆ ಬೇರು ಬಿಡುವ ತುಮರಿಗೆ ಇಂಥ ನೆಲ ಹೇಳಿ ಮಾಡಿಸಿದ್ದು. ಇಲ್ಲಿ ಕಣ್ಣು ಮುಚ್ಚಿ ತುಮರಿ ಆರಿಸಿ.

ಚಿಂಚೋಳಿ ಕಾಡಿನ ಸುತ್ತಲಿನ ಊರುಗಳಿಗೆ ನನ್ನ ಮಾತು ಬೇರೆ. ಹೊಸದಾಗಿ ಹಚ್ಚುವ ಮೊದಲು ಹೊಲದ ಮೂಲೆಯಲ್ಲಿ ಏನಿದೆ ನೋಡಿ. ಎಷ್ಟೋ ಕಡೆ ಮೊಣಕಾಲೆತ್ತರದ ತುಮರಿ ಪೊದೆ ಇದ್ದೇ ಇರುತ್ತದೆ, ವರ್ಷ ವರ್ಷ ಕಡಿಸಿಕೊಂಡು. ಅದರಲ್ಲಿ ಗಟ್ಟಿಯಾದ ಒಂದು ಚಿಗುರನ್ನು ಬಿಟ್ಟು ಉಳಿದದ್ದನ್ನು ಸವರಿದರೆ ಸಾಕು. ಕೆಳಗೆ ಬೇರು ಆಗಲೇ ಬಲಿತಿರುವುದರಿಂದ ಬೀಜದ ಸಸಿಗಿಂತ ಎಷ್ಟೋ ಬೇಗ ಮೇಲೇಳುತ್ತದೆ.

ಗುರುಮಠಕಲ್, ಯಾದಗಿರಿ, ಸುರಪುರದ ಬಂಡೆಗುಡ್ಡಗಳ ಬುಡದಲ್ಲಿ ಮಸಾರಿ ನೆಲ. ಅಲ್ಲಿ ತುಮರಿಯೂ ಆಗುತ್ತದೆ, ಗುಡ್ಡದ ಮೇಲಕ್ಕೆ ಜಗಳಗಂಟಿಯೂ ಆಗುತ್ತದೆ.

ಕಷ್ಟ ಇರುವುದು ಜೇವರ್ಗಿ, ಅಫಜಲಪುರ, ಕಲಬುರಗಿ ಸುತ್ತಲಿನ ಆಳದ ಎರೆ ಹೊಲಕ್ಕೆ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ನಾನು ಇಂಥ ಹೊಲದಲ್ಲಿ ಹಚ್ಚಿದ ತುಮರಿ ಸತ್ತಿಲ್ಲ, ಆದರೆ ಏಳುತ್ತಲೂ ಇಲ್ಲ. ಹೊಲದಲ್ಲಿ ಗರಸು ಮೇಲೆದ್ದ ದಿಬ್ಬವಿದ್ದರೆ ಅಲ್ಲಿ ಹಚ್ಚಿ. ಅದೂ ಇಲ್ಲದಿದ್ದರೆ ಈ ಮನೆತನವನ್ನೇ ಬಿಟ್ಟು ಎರೆಯಲ್ಲಿ ಸುಮ್ನೆ ಬೆಳೆಯುವ ಜಾಲಿ, ಹುಣಸೆಗೆ ಹೋಗುವುದು ಒಳ್ಳೆಯದು.

ತುಮರಿಯೇ ಅಂತ ಆರಿಸಿದ ಮೇಲೆ

ಕಾಡಿನಿಂದ ಮರಿಗಿಡ ಕಿತ್ತು ತರಬೇಡಿ. ವನ್ಯಧಾಮದೊಳಗೆ ಅದಕ್ಕೆ ಅವಕಾಶವಿಲ್ಲ, ಹೊರಗೆ ಕಿತ್ತರೂ ಬದುಕುವುದಿಲ್ಲ. ನಾನು ಒಮ್ಮೆ ಹೊಲದ ಅಂಚಿನಿಂದ ಆರು ಕಿತ್ತು ನೆಟ್ಟೆ, ಆರೂ ಹೋದವು. ಸಸಿ ಅಂದುಕೊಂಡಿದ್ದೆಲ್ಲ ತಾಯಿಗಿಡದ ಬೇರಿನ ಚಿಗುರು. ಕಿತ್ತಾಗ ಕೈಗೆ ಬಂದದ್ದು ಕಡ್ಡಿಯೂ ಒಂದು ತುಂಡು ಬೇರೂ ಅಷ್ಟೇ. ಸ್ವಂತ ಬೇರು ಅದಕ್ಕೆ ಇರಲೇ ಇಲ್ಲ.

ಮೇ ತಿಂಗಳಲ್ಲಿ ಪರಿಚಯದವರ ಹೊಲದ ಗಿಡದಿಂದ ಪೂರ್ತಿ ಮಾಗಿದ ಹಣ್ಣು ತನ್ನಿ. ತಿಂದು, ಬೀಜಕ್ಕೆ ಅಂಟಿದ ತಿರುಳನ್ನು ಬೂದಿ ಹಾಕಿ ಉಜ್ಜಿ ತೊಳೆಯಿರಿ. ನೆರಳಲ್ಲಿ ಒಂದು ದಿನ ಆರಿಸಿ. ಮುಂದಿನ ವರ್ಷಕ್ಕೆ ಅಂತ ಡಬ್ಬಿಯಲ್ಲಿ ಇಟ್ಟರೆ ಮೊಳೆಯುವ ಶಕ್ತಿ ಕುಂದಬಹುದು. ಮಿರಗದ ಮಳೆ ಬಿದ್ದ ಕೂಡಲೇ ಗಿಡ ನಿಲ್ಲಬೇಕಾದ ಜಾಗದಲ್ಲೇ, ಬೆರಳಿನ ಒಂದು ಗೆಣ್ಣು ಆಳಕ್ಕೆ ಊರಿ. ಸಸಿ ಮಾಡಲೇಬೇಕು ಅಂದರೆ ಉದ್ದನೆಯ ಚೀಲ ಬೇಕು. ಒಂದು ಸಲ ಸಣ್ಣ ಚೀಲದಲ್ಲಿ ಬೆಳೆಸಿ, ದೀಪಾವಳಿ ಹೊತ್ತಿಗೆ ಒಂದನ್ನು ಸೀಳಿ ನೋಡಿದೆ. ಮೇಲೆ ಇದ್ದದ್ದು ನಾಲ್ಕು ಎಲೆಯ ಗೇಣುದ್ದದ ಕಡ್ಡಿ. ಒಳಗೆ ಕಪ್ಪು ಬೇರು ತಳ ಮುಟ್ಟಿ, ಜಾಗ ಸಾಲದೆ ಎರಡು ಸುತ್ತು ಸುತ್ತಿಕೊಂಡಿತ್ತು. ಬಿಡಿಸಿ ಅಳೆದರೆ ಮೊಳಕ್ಕೂ ಜಾಸ್ತಿ. ಮೊದಲ ವರ್ಷಗಳಲ್ಲಿ ಗಿಡ ಬೆಳೆಯುತ್ತಿಲ್ಲ ಅಂತ ಬೇಸರ ಬಂದರೆ ಆ ಬೇರು ನೆನಪಿರಲಿ.

ಒಂದೇ ಬೀಜ ಊರಿ ಸುಮ್ಮನಾಗಬೇಡಿ. ಆರೇಳು ಕಡೆ, ಒಂದೊಂದು ಗಿಡಕ್ಕೂ ಹದಿನೈದು ಅಡಿ ಬಿಟ್ಟು ಊರಿ. ಹೂವು ಬಂದ ವರ್ಷ ಟೊಂಗೆ ಬಗ್ಗಿಸಿ ನೋಡಿ. ಎಲೆಯ ಬುಡದಲ್ಲಿ ಸಣ್ಣ ಹೂವು ಗುಂಪಾಗಿದ್ದರೆ ಗಂಡು, ಒಂಟಿಯಾಗಿ ಒಂದೇ ಇದ್ದರೆ ಹೆಣ್ಣು. ಜಾಗ ಸಾಲದೆ ತೆಗೆಯಬೇಕಾಗಿ ಬಂದರೂ ಗಂಡು ಗಿಡ ಒಂದನ್ನಾದರೂ ಉಳಿಸಿಕೊಳ್ಳಿ.